ರಾಮನ್ನರ ಕಿವಿ

ಸರ್ ಸಿ. ವಿ. ರಾಮನ್ನರ ಹೆಸರನ್ನೆತ್ತಿದೊಡನೆ ಎಲ್ಲರಿಗೂ ನೆನಪಾಗುವುದು ಬೆಳಕು. ನನಗೆ ಮಾತ್ರ ಮೊದಲು ನೆನಪಾಗುವುದು ಒಂದು ಮೋಟಾರು ಗಾಡಿಯ ತಗಡಿನ ಮಾಡು. ಇದಕ್ಕೆ ಕಾರಣರಾದವರು ನನ್ನ ಸೋದರಮಾವ.

ಮಾವನವರು ಅರಸೀಕೆರೆಯವರು, ಆಯುಷ್ಯದ ಬಹುಭಾಗವನ್ನು ಮೃದಂಗದೊಡನೆ ಕಳೆದವರು. ಎಂಬತ್ತು ದಾಟಿದ ಮೇಲೆ ಕಿವಿ ಮಂದವಾಯಿತು. ಹಳೇಬೀಡು ಬೇಲೂರುಗಳ ಗುಡಿಗಳಲ್ಲಿ ಕಲ್ಲಾಗಿ ನಿಂತಿರುವ ಮದ್ದಳೆಗಾರರನ್ನು ಇನ್ನೊಮ್ಮೆ ಕಾಣಬೇಕು, ಅವರ ಕೈಗಳ ನಿಲುವಿನಲ್ಲಿ ತಾವು ಕಂಡುಕೊಂಡಿದ್ದನ್ನು ನನಗೆ ಹೇಳಿಬಿಡಬೇಕು ಎಂಬುದು ಅವರ ಹಂಬಲವಾಗಿತ್ತು. ದಾರಿಯುದ್ದಕ್ಕೂ ಮಾತನಾಡುತ್ತ ಹೋಗುವುದೆಂದು ನಿಶ್ಚಯಿಸಿ ಹೊರಟೆವು. ಬಾಣಾವರವನ್ನು ದಾಟಿ ಜಾವಗಲ್ಲಿನ ದಾರಿ ಹಿಡಿದು, ವೇಗವು ಗಂಟೆಗೆ 60 ಕಿಲೋಮೀಟರಿಗೆ ಏರಿದ ಕೂಡಲೆ ಗಾಡಿಯೊಳಗೆ ಒಂದು ಮೊರೆತ ಹುಟ್ಟಿತು. ಅದು ಕಿವಿಗಿಂತ ಹೆಚ್ಚಾಗಿ ಎದೆಗೆ ಕೇಳುವಂಥ ತಗ್ಗು ಸ್ವರ. 45ಕ್ಕೆ ಇಳಿಸಿದರೆ ಇಲ್ಲ, 80ಕ್ಕೆ ಏರಿಸಿದರೂ ಇಲ್ಲ. ಆದರೆ ಆ ದಾರಿಯಲ್ಲಿ ಸಾಗಬೇಕಾದುದೇ ಅವೆರಡರ ನಡುವೆ. ಮಾವನವರ ಶ್ರವಣಯಂತ್ರವು ನನ್ನ ಮಾತಿಗೆ ಬದಲಾಗಿ ಆ ಮೊರೆತವನ್ನೇ ಹಿಗ್ಗಿಸಿ ಅವರಿಗೆ ಒಪ್ಪಿಸಿತು. ಅವರು ಯಂತ್ರವನ್ನು ತೆಗೆದು ಜೇಬಿನಲ್ಲಿರಿಸಿಕೊಂಡು ಸುಮ್ಮನೆ ಕುಳಿತುಬಿಟ್ಟರು. ಹೋದೆವು, ನೋಡಿದೆವು, ಬಂದೆವು. ಮಾತು ಮಾತ್ರ ಉಳಿದುಹೋಯಿತು.

ಮರುದಿನ ಅರಸೀಕೆರೆಯ ಒಬ್ಬ ಮೆಕ್ಯಾನಿಕ್ಕನ ಬಳಿಗೆ ಗಾಡಿಯನ್ನು ಒಯ್ದೆವು. ಅವನು ಹಿಂದಿನ ಸೀಟಿನಲ್ಲಿ ಕುಳಿತು, ಮೊರೆತ ಹುಟ್ಟುವ ವೇಗದಲ್ಲಿಯೇ ನನ್ನನ್ನು ಓಡಿಸಲು ಹೇಳಿ, ಅಂಗೈಯಿಂದ ಬಾಗಿಲನ್ನೂ ನೆಲವನ್ನೂ ಕಡೆಗೆ ತಲೆಯ ಮೇಲಿನ ಮಾಡನ್ನೂ ಒತ್ತಿ ನೋಡಿದನು. ಮಾಡಿನ ನಡುವನ್ನು ಒತ್ತಿದಾಗ ಮೊರೆತ ಅರ್ಧಕ್ಕರ್ಧ ಇಳಿಯಿತು. ಪಕ್ಕದಲ್ಲಿದ್ದ ಮಾವನವರು ತಿರುಗಿ ಆ ಕೈಯನ್ನು ನೋಡಿ, ತಮ್ಮ ಬಲಗೈಯ ಉಂಗುರದ ಬೆರಳನ್ನು ಎತ್ತಿ ತೋರಿಸಿ ನಕ್ಕರು. ಮೃದಂಗದ ಚರ್ಮದ ಮೇಲೆ ಆ ಬೆರಳನ್ನು ಹಗುರವಾಗಿ ತಾಗಿಸಿದರೆ ಒಂದು ಸ್ವರ ಅಡಗಿ ಇನ್ನೊಂದು ಏಳುತ್ತದೆ. ಇದನ್ನು ಶಾಸ್ತ್ರಮುಖವಾಗಿ ವಿವರಿಸಿದವರು ರಾಮನ್ನರೆಂದು ಅವರು ನನಗೆ ಬಾಲ್ಯದಲ್ಲಿಯೇ ಹೇಳಿದ್ದರು.

ರಾಮನ್ನರು ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಭೌತಶಾಸ್ತ್ರಗಳ ಉಪನ್ಯಾಸಕರು, ಪಿಟೀಲು ನುಡಿಸಬಲ್ಲವರು. ನಾದವನ್ನು ಕುರಿತ ಹೆಲ್ಮ್‌ಹೋಲ್ಟ್ಸ್ ಪಂಡಿತನ ಮಹಾಗ್ರಂಥವು ತಮ್ಮ ಬುದ್ಧಿಯನ್ನು ರೂಪಿಸಿದ ಕೆಲವೇ ಪುಸ್ತಕಗಳಲ್ಲೊಂದೆಂದು ರಾಮನ್ನರು ಮುಂದೆ ನೆನೆದಿದ್ದಾರೆ. ಕೈಹಿಡಿದ ಲೋಕಸುಂದರಿಯವರೂ ವೀಣಾವಾದಕಿಯೇ. 1907ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, ಸರಕಾರದ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿ ಅವರು ಕಲ್ಕತ್ತೆಗೆ ಹೋದರು. ಒಂದು ದಿನ ಟ್ರಾಮಿನಿಂದ ಬೌಬಜಾರ್ ಬೀದಿಯಲ್ಲಿ ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಹಲಗೆ ಕಣ್ಣಿಗೆ ಬಿತ್ತು. ಅಂದಿನಿಂದ ಹತ್ತು ವರ್ಷಗಳ ದಿನಚರಿ ನಿಶ್ಚಿತವಾಯಿತು: ಮುಂಜಾನೆ ಪ್ರಯೋಗಶಾಲೆ, ಹಗಲು ಕಚೇರಿ, ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಪ್ರಯೋಗಶಾಲೆ. ರಂಗೂನ್, ನಾಗಪುರಗಳಿಗೆ ವರ್ಗವಾದ ಕಾಲವೊಂದೇ ಇದಕ್ಕೆ ಅಪವಾದ.

ಹಣವಿಲ್ಲದ ಆ ಪ್ರಯೋಗಶಾಲೆಯಲ್ಲಿ ಅವರಿಗೆ ಒದಗಿದ ವಿಷಯ ನಾದ. ತಂತಿ, ಚರ್ಮ, ಮರ ಇವು ಬಡವನಿಗೂ ದೊರೆಯುವ ಸಾಮಗ್ರಿಗಳಷ್ಟೆ! 1909ರಲ್ಲಿ ಅವರು ಬರೆದದ್ದು ಭಿಕ್ಷುಕರ ಕೈಯಲ್ಲಿ ಕಾಣುವ ಏಕತಾರಿಯನ್ನು ಕುರಿತು. 1916ರಲ್ಲಿ ಕೈಗೆತ್ತಿಕೊಂಡದ್ದು, ಚೆಲ್ಲೊ ಎಂಬ ದೊಡ್ಡ ಪಿಟೀಲಿನ ಒಂದು ಹಳೆಯ ಪೀಡೆ. ಆ ವಾದ್ಯದಲ್ಲಿ ಒಂದು ನಿರ್ದಿಷ್ಟ ಸ್ವರವನ್ನು ಎಳೆದಾಗ ಮಾತ್ರ ಕಮಾನು ಹಿಡಿತಕ್ಕೆ ಬಾರದೆ, ನಾದವು ತೋಳದಂತೆ ಊಳಿಡುತ್ತದೆ. ಪಾಶ್ಚಾತ್ಯ ವಾದಕರು ಅದನ್ನು ತೋಳಸ್ವರವೆಂದೇ ಕರೆಯುತ್ತಾರೆ. ತಂತಿಯ ಕಂಪನವೂ ವಾದ್ಯದ ಒಡಲಿನ ಸಹಜ ಕಂಪನವೂ ಒಂದೇ ಆದಾಗ, ಒಡಲು ತಂತಿಯ ಶಕ್ತಿಯನ್ನೆಲ್ಲ ಹೀರತೊಡಗುತ್ತದೆ. ಕಮಾನಿನ ಒತ್ತಡ ಅದನ್ನು ತುಂಬಿಕೊಡಲಾರದೆ ಸೋಲುತ್ತದೆ, ಒಡಲು ಸ್ವಲ್ಪ ತಣಿದಾಗ ತಂತಿ ಚೇತರಿಸಿಕೊಳ್ಳುತ್ತದೆ, ಮತ್ತೆ ಸೋಲುತ್ತದೆ. ಈ ಏರಿಳಿತವೇ ಊಳು. ವಾದ್ಯದ ಕುದುರೆಯ ಮೇಲೆ ಒಂದು ಸಣ್ಣ ಭಾರವನ್ನು ಸಿಕ್ಕಿಸಿದರೆ ಒಡಲಿನ ಸಹಜ ಕಂಪನ ತಗ್ಗಿ, ತೋಳವೂ ತನ್ನ ಜಾಗವನ್ನು ಬಿಟ್ಟು ಕೆಳಕ್ಕೆ ಸರಿಯುತ್ತದೆ.

ನಮ್ಮ ಗಾಡಿಯಲ್ಲಿದ್ದದ್ದೂ ಈ ತೋಳದ ದಾಯಾದಿಯೇ. 60ರ ವೇಗದಲ್ಲಿ ಚಕ್ರಗಳೂ ಯಂತ್ರವೂ ಕೊಡುವ ಅದುರು ಮಾಡಿನ ಸಹಜ ಕಂಪನಕ್ಕೆ ಸರಿಹೊಂದುತ್ತಿತ್ತು. ಇಂಥ ಸದ್ದಿಗೆ ನೆಲಕ್ಕೆ ದಪ್ಪ ಜಮಖಾನೆ ಹಾಸಿ ಪ್ರಯೋಜನವಿಲ್ಲ. ಸೆಕೆಂಡಿಗೆ 100 ಸಲ ಕಂಪಿಸುವ ಸ್ವರದ ಅಲೆ ಸುಮಾರು ಮೂರೂವರೆ ಮೀಟರ್ ಉದ್ದವಿರುತ್ತದೆ. ಬೆರಳುದಪ್ಪದ ಉಣ್ಣೆಯ ಹಾಸು ಅದಕ್ಕೆ ಲೆಕ್ಕವೇ ಅಲ್ಲ. ಗಾಳಿಯ ಸುಯ್ಯೆಂಬ ಎತ್ತರದ ಸದ್ದನ್ನು ಅದು ಹೀರುತ್ತದೆ, ಅಷ್ಟೆ. ಮೊರೆತಕ್ಕೆ ಮದ್ದು ಕಂಪಿಸುವ ತಗಡಿನಲ್ಲಿಯೇ ಇರಬೇಕು.

1917ರಲ್ಲಿ ರಾಮನ್ನರು ಸರಕಾರಿ ಹುದ್ದೆಯನ್ನು ಬಿಟ್ಟು, ಬಹಳ ಕಡಿಮೆ ಸಂಬಳಕ್ಕೆ ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಪಿಸುಮಾತಿನ ಮೊಗಸಾಲೆ ಅವರನ್ನು ಸೆಳೆಯಿತು. ನಮ್ಮ ವಿಜಾಪುರದ ಗೋಲಗುಮ್ಮಟವೂ ಅವರ ಅಧ್ಯಯನಕ್ಕೆ ಒಳಪಟ್ಟಿತು. 1927ರಲ್ಲಿ ಜರ್ಮನಿಯ ಪ್ರಸಿದ್ಧ ಭೌತವಿಜ್ಞಾನ ಸಂಪುಟಗಳಿಗೆ ವಾದ್ಯಗಳನ್ನು ಕುರಿತ ಭಾಗವನ್ನು ಬರೆದವರು ಅವರೇ. 1928ರ ಫೆಬ್ರವರಿ 28, 1930ರ ನೊಬೆಲ್ ಪಾರಿತೋಷಕ ಇವೆಲ್ಲ ಶಾಲೆಯ ಮಕ್ಕಳಿಗೂ ಗೊತ್ತು. ಆ ಬೆಳಕಿನ ಪ್ರಭೆಯಲ್ಲಿ ನಾದದ ರಾಮನ್ನರು ಮಸುಕಾದರೆಂಬುದೇ ನನ್ನ ಕೊರಗು.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಆ ಪೀಠವನ್ನೇರಿದ ಮೊದಲ ಭಾರತೀಯರು. ಮರುವರ್ಷ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅದರ ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ಭಾರತೀಯ ಚರ್ಮವಾದ್ಯಗಳನ್ನು ಕುರಿತ ಅವರ ಲೇಖನವಿದೆ. 1920ರಲ್ಲಿ ತಾವು ಸೂತ್ರರೂಪವಾಗಿ ಹೇಳಿದ್ದನ್ನು ಇಲ್ಲಿ ವಿಸ್ತರಿಸಿದರು. ಬರಿಯ ಚರ್ಮವನ್ನು ಬಿಗಿದು ಬಡಿದರೆ ಹುಟ್ಟುವ ಸ್ವರಗಳಲ್ಲಿ ಒಂದಕ್ಕೊಂದು ಹೊಂದಿಕೆಯಿರುವುದಿಲ್ಲ. ಕೇಳುವುದು ಸದ್ದೇ ಹೊರತು ನಾದವಲ್ಲ. ಮೃದಂಗದ ಬಲಮುಖದ ನಡುವೆ, ಕಿಟ್ಟದ ಪುಡಿಯನ್ನು ಅನ್ನದೊಡನೆ ಅರೆದು ಪದರಪದರವಾಗಿ ಹಚ್ಚಿದ ಕರಣೆಯಿರುತ್ತದೆ. ಆ ಭಾರದಿಂದಾಗಿ ಚರ್ಮದ ಮೊದಲ ಒಂಬತ್ತು ಬಗೆಯ ಕಂಪನಗಳು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಪ್ರಮಾಣದ ಐದೇ ಸ್ವರಗಳಾಗಿ ಕೂಡಿಕೊಳ್ಳುತ್ತವೆ. ಚರ್ಮದ ಮೇಲೆ ನುಣ್ಣನೆಯ ಮರಳನ್ನು ಉದುರಿಸಿ, ಅದು ಗೆರೆಗಟ್ಟಿ ನಿಲ್ಲುವ ಚಿತ್ರಗಳಿಂದ ರಾಮನ್ನರು ಇದನ್ನು ಕಣ್ಣಿಗೆ ಕಾಣಿಸಿದರು. ಹೆಸರುಳಿಯದ ಯಾವನೋ ವಾದ್ಯಕಾರನ ಕಿವಿಗೆ ಅವರು ಸಲ್ಲಿಸಿದ ಗೌರವವೆಂದೇ ನಾನು ಅದನ್ನು ಓದುತ್ತೇನೆ.

ಮುಂದಿನ ವರ್ಷಗಳು ಸುಗಮವಾಗಿರಲಿಲ್ಲ. ಆಡಳಿತದೊಡನೆ ವಿರಸವುಂಟಾಗಿ 1937ರಲ್ಲಿ ನಿರ್ದೇಶಕತ್ವವನ್ನು ತೊರೆದರು. ಪ್ರಾಧ್ಯಾಪಕರಾಗಿ 1948ರವರೆಗೆ ಉಳಿದು, ಬಳಿಕ ಮೈಸೂರು ಮಹಾರಾಜರು ದಯಪಾಲಿಸಿದ್ದ ನೆಲದಲ್ಲಿ ತಮ್ಮದೇ ಸಂಶೋಧನ ಮಂದಿರವನ್ನು ನಡೆಸಿದರು. 1970ರ ನವೆಂಬರ್ 21ರಂದು ತೀರಿಕೊಂಡಾಗ, ಅವರ ಇಚ್ಛೆಯಂತೆ ಆ ತೋಟದಲ್ಲಿಯೇ ದೇಹಕ್ಕೆ ಅಗ್ನಿಸಂಸ್ಕಾರವಾಯಿತು.

ನಮ್ಮ ಮೆಕ್ಯಾನಿಕ್ಕನು ಮಾಡಿನ ಒಳಹೊದಿಕೆಯನ್ನು ಬಿಚ್ಚಿ, ತಗಡಿನ ನಡುಭಾಗಕ್ಕೆ ಡಾಂಬರಿನಂಥ ಕಪ್ಪು ಹಾಳೆಗಳನ್ನು ಅಂಟಿಸಿ ಉರುಳೆಯಿಂದ ಉಜ್ಜಿದನು. ಬಾಗಿಲುಗಳಿಗೂ ಹಾಗೆಯೇ ಮಾಡಿ, ಹರಿದಿದ್ದ ಬಾಗಿಲ ರಬ್ಬರನ್ನು ಬದಲಿಸಿದನು. ಸಂದಿಯಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥವೆಂಬುದು ಅವನ ಅನುಭವ. ಬೆರಳಿನಿಂದ ಬಡಿದರೆ ಮೊದಲು ಢಣ್ಣೆನ್ನುತ್ತಿದ್ದ ತಗಡು ಈಗ ದಬ್ಬೆಂದು ಸುಮ್ಮನಾಯಿತು. ಮಾವನವರು ಕರಣೆ ಹಾಕಿದಿರೆಂದು ಅವನನ್ನು ಹೊಗಳಿದರು. ಹೋಲಿಕೆ ಪೂರ್ತಿ ಸರಿಯಲ್ಲ. ಕರಣೆಯ ಕೆಲಸ ಸ್ವರಗಳನ್ನು ಹೊಂದಿಸುವುದು. ಈ ಹಾಳೆಯಾದರೋ ಭಾರವನ್ನು ಹೇರುವುದರ ಜೊತೆಗೆ ತಗಡಿನ ಕಂಪನವನ್ನು ತನ್ನ ಮೈಯಲ್ಲಿ ಶಾಖವಾಗಿಸಿ ಕೊಂದುಬಿಡುತ್ತದೆ. ಆ ಮಟ್ಟಿಗೆ ಅದು ಮೃದಂಗದ ಎಡಮುಖಕ್ಕೆ ಮೆತ್ತುವ ರವೆಯ ಹಿಟ್ಟಿಗೆ ಹೆಚ್ಚು ಹತ್ತಿರ. ಇದನ್ನು ನಾನು ಹೇಳಿದಾಗ ಅವರು ಒಪ್ಪಲಿಲ್ಲ.

ಮುಂದಿನ ಭಾನುವಾರ ಮತ್ತೆ ಹೊರಟೆವು. ಟೈರುಗಳ ಸದ್ದು ಸ್ವಲ್ಪ ಉಳಿದಿತ್ತು. ಮೊರೆತ ಮಾತ್ರ ಇರಲಿಲ್ಲ. ಜಾವಗಲ್ಲನ್ನು ದಾಟುವ ಹೊತ್ತಿಗೆ ಮಾವನವರು ಜೇಬಿನಿಂದ ಯಂತ್ರವನ್ನು ತೆಗೆದು ಕಿವಿಗೆ ಸೇರಿಸಿಕೊಂಡು, ಹೊಯ್ಸಳೇಶ್ವರ ಗುಡಿಯ ಗೋಡೆಯ ಮದ್ದಳೆಗಾರನೊಬ್ಬನ ಎಡಗೈಯಿಂದ ಕಥೆಯನ್ನು ಆರಂಭಿಸಿದರು. ಹಳೇಬೀಡಿನಲ್ಲಿ ಗಾಡಿಯನ್ನು ನೆರಳಿಗೆ ನಿಲ್ಲಿಸಿ ಬಾಗಿಲು ತೆರೆದೆ. ಮಾತಿನ್ನೂ ಮುಗಿದಿಲ್ಲ, ಬಾಗಿಲು ಹಾಕು ಎಂದು ಸನ್ನೆ ಮಾಡಿದರು.