ನೆಲದೊಳಗಿನ ಜೀವಿಗಳನ್ನು ಬಲ್ಲ ಸರ್ ವಾಲ್ಟರ್ ಎಲಿಯಟ್

ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯಲ್ಲಿ ಹೊಲದ ಬದುವಿನ ಹೆಗ್ಗಣದ ಬಿಲವನ್ನು ಕಾಣದ ರೈತನಿರಲಾರನು. ಈ ಜಾತಿಯ ಚಿಕ್ಕ ಹೆಗ್ಗಣವನ್ನು ಪಾಶ್ಚಾತ್ಯರು ಹಿಂದೆ ‘ಮೋಲ್ ಇಲಿ’ ಎಂದು ಕರೆದುದುಂಟು. ಹೆಸರನ್ನು ಕೇಳಿ ಇದನ್ನು ಕುರುಡು ಪ್ರಾಣಿಯೆಂದು ಬಗೆಯಲಾಗದು. ಚರ್ಮದಡಿಯಲ್ಲಿ ಕಣ್ಣು ಹುದುಗಿರುವ ನಿಜವಾದ ಕುರುಡಿಲಿಗಳು ಪೂರ್ವ ಯೂರೋಪು, ಪಶ್ಚಿಮ ಏಷ್ಯಾಗಳಲ್ಲಿವೆ; ಅವುಗಳ ಕುಟುಂಬವೇ ಬೇರೆ. ನಮ್ಮ ಹೆಗ್ಗಣಕ್ಕೆ ಕಣ್ಣುಂಟು; ಅದು ಸಾಮಾನ್ಯ ಇಲಿಗಳ ಕುಟುಂಬದ್ದು. ಕನ್ನಡ ನೆಲದ ಇಲಿಗಳನ್ನು ಹೀಗೆ ವಿಂಗಡಿಸಿ ಅರಿಯಲು ಶ್ರಮಿಸಿದವರಲ್ಲಿ ಸರ್ ವಾಲ್ಟರ್ ಎಲಿಯಟ್ಟರು ಸ್ಮರಣೀಯರು.

1803ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದ ಅವರು ಕಂಪೆನಿಯ ಸೇವೆಗೆಂದು ಮದರಾಸಿಗೆ ಬಂದು, ಧಾರವಾಡದ ಅಧಿಕಾರಿ ಥ್ಯಾಕರೆಗೆ ಸಹಾಯಕರಾದರು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಮಡಿದನು, ಎಲಿಯಟ್ಟರು ಸೆರೆಸಿಕ್ಕರು. ರಾಣಿ ಚೆನ್ನಮ್ಮನವರು ಶತ್ರುಪಕ್ಷದ ಈ ತರುಣನ ಪ್ರಾಣ ತೆಗೆಸದೆ ಬಿಟ್ಟುಕೊಟ್ಟರು. ಅದೇ ಕಂಪೆನಿ ರಾಣಿಯವರನ್ನು ಸೆರೆಯಲ್ಲಿಟ್ಟಿತು. 1829ರಲ್ಲಿ ಅವರು ಬೈಲಹೊಂಗಲದ ಬಂಧನದಲ್ಲಿಯೇ ಕಾಲವಾದರು. ಈ ಋಣವನ್ನು ಮರೆತು ಎಲಿಯಟ್ಟರ ಚರಿತ್ರೆಯನ್ನು ಹೇಳುವುದು ನ್ಯಾಯವಲ್ಲ.

ಹಾಗೆ ಉಳಿದ ಜೀವವನ್ನು ಅವರು ವ್ಯರ್ಥಗೊಳಿಸಲಿಲ್ಲ. 595 ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದರು. ದಕ್ಷಿಣ ಮರಾಠಾ ಸೀಮೆಯೆನಿಸಿದ್ದ ಧಾರವಾಡ ಪ್ರಾಂತದ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದರು. ಸುಗ್ಗಿಯಲ್ಲಿ ವಡ್ಡರು ಬಿಲಗಳನ್ನು ಅಗೆದು ಧಾನ್ಯ ತೆಗೆಯುವುದನ್ನೂ, ಒಂದೇ ಬಿಲದಲ್ಲಿ ಜೋಳದ ತೆನೆಗಳ ಸಹಿತ ಅರ್ಧ ಸೇರಿನಷ್ಟು ಕಾಳು ದೊರೆಯುವುದನ್ನೂ ದಾಖಲಿಸಿದರು. ಜನರಾಡುವ ಹೆಸರುಗಳನ್ನೂ ಬಿಡದೆ ಬರೆದುಕೊಂಡರು. ಅವುಗಳಲ್ಲಿ ‘ಕೋಕ್’ ಎಂಬುದನ್ನು ಲಂಡನ್ನಿನ ಗ್ರೇ ಎಂಬ ವಿದ್ವಾಂಸರು 1837ರಲ್ಲಿ ಈ ಹೆಗ್ಗಣದ ಶಾಸ್ತ್ರೀಯ ನಾಮವಾಗಿಸಿದರು. ಬಂಗಾಳದ ಹೆಗ್ಗಣವೂ ಇದೂ ಒಂದೇ ಪ್ರಭೇದವೆಂದು ನಿರ್ಧಾರವಾದ ಮೇಲೆ, ಮೊದಲಿಟ್ಟ ಹೆಸರೇ ನಿಲ್ಲಬೇಕೆಂಬ ನಿಯಮದಂತೆ ‘ಕೋಕ್’ ಹಿಂದೆ ಸರಿಯಿತು. ಆದರೆ ಇನ್ನೊಂದು ಇಲಿಯ ಕನ್ನಡ ಹೆಸರಿನಿಂದ ಬಂದ ‘ಗೊಲುಂಡ’, ಎಲಿಯಟ್ಟರ ಹೆಸರಿನೊಡನೆ ಕೂಡಿ, ಇಂದಿಗೂ ಶಾಸ್ತ್ರದಲ್ಲಿ ಉಳಿದಿದೆ.

ವೃದ್ಧಾಪ್ಯದಲ್ಲಿ ಅವರು ದೃಷ್ಟಿಯನ್ನು ಕಳೆದುಕೊಂಡರು. ಆದರೂ ದಕ್ಷಿಣ ಭಾರತದ ನಾಣ್ಯಗಳ ಗ್ರಂಥ 1886ರಲ್ಲಿ ಹೊರಬಂದಿತು. 1887ರ ಮಾರ್ಚ್ 1ರಂದು, ದೇಹ ಬಿಟ್ಟ ದಿನವೂ, ತಮಿಳು ಗ್ರಂಥವೊಂದರ ವಿಷಯವಾಗಿ ಪತ್ರ ಹೇಳಿ ಬರೆಸಿದರು. ಕಣ್ಣುಳ್ಳ ಪ್ರಾಣಿಯನ್ನು ಹೆಸರುಮಾತ್ರದಿಂದ ಕುರುಡೆನ್ನುವುದು ಸುಲಭ. ಬಳಿಸಾರಿ ನೋಡಿ ಅರಿಯುವುದು ಶ್ರಮದ ಕೆಲಸ. ಆ ಶ್ರಮವನ್ನು ಕಲಿಸುವುದೇ ವಿದ್ಯಾಲಯದ ಧರ್ಮ.