ಹೆಲೆನ್ ಕೆಲ್ಲರ್ ಮಾತು ಕಲಿತದ್ದು

ಹೆಲೆನ್ ಕೆಲ್ಲರ್ ಅವರು 1880ನೇ ಇಸವಿ ಜೂನ್ 27ರಂದು ಅಮೆರಿಕಾ ದೇಶದ ಅಲಬಾಮಾ ರಾಜ್ಯದ ಟಸ್ಕಂಬಿಯಾ ಎಂಬ ಊರಿನಲ್ಲಿ ಹುಟ್ಟಿದರು. ಹತ್ತೊಂಬತ್ತು ತಿಂಗಳ ಮಗುವಾಗಿದ್ದಾಗ ಜೋರು ಕಾಯಿಲೆ ಬಂದು ಕಣ್ಣು, ಕಿವಿ ಎರಡೂ ಹೋದವು. ಏನೂ ಕೇಳಿಸದೆ ಇದ್ದುದರಿಂದ ಮಾತೂ ಬರಲಿಲ್ಲ.

1887ರ ಮಾರ್ಚ್ 3ರಂದು ಆನ್ ಸಲಿವನ್ ಎಂಬ ಟೀಚರ್ ಅವರ ಮನೆಗೆ ಬಂದರು. ಹೆಲೆನ್ ಅಂಗೈಯೊಳಗೆ ತಮ್ಮ ಬೆರಳಿನಿಂದ ಒಂದೊಂದೇ ಅಕ್ಷರ ಮಾಡಿ ಕಲಿಸಿದರು. ತಾಯಿ ಎಳೇ ಮಗುವಿನ ಜೊತೆ ಮಾತಾಡುವ ಹಾಗೆ ಪೂರ್ತಿ ವಾಕ್ಯವನ್ನೇ ಕೈಗೆ ಹೇಳುತ್ತಿದ್ದರು.

ನಾರ್ವೆ ದೇಶದಲ್ಲಿ ಇಂಥದೇ ಒಬ್ಬ ಹುಡುಗಿ ಮಾತು ಕಲಿತಳು ಎಂದು 1890ರಲ್ಲಿ ಹೆಲೆನ್‌ಗೆ ತಿಳಿಯಿತು. ನಾನೂ ಮಾತಾಡಲೇಬೇಕು ಅಂತ ಹಟ ಹಿಡಿದರು. ಬಾಸ್ಟನ್ ನಗರದ ಸಾರಾ ಫುಲ್ಲರ್ ಎಂಬ ಟೀಚರ್ ಹನ್ನೊಂದು ಪಾಠ ಹೇಳಿಕೊಟ್ಟರು. ಟೀಚರ್ ಮಾತಾಡುವಾಗ ಹೆಲೆನ್ ಅವರ ತುಟಿ, ನಾಲಿಗೆ ಮುಟ್ಟಿ ನೋಡಿ ಹಾಗೇ ಮಾಡುತ್ತಿದ್ದರು. ಮೊದಲ ಒಂದು ಗಂಟೆಯಲ್ಲೇ ಆರು ಧ್ವನಿ ಕಲಿತರು.

ಇಲ್ಲಿ ನನಗೆ ಒಂದು ಪ್ರಶ್ನೆ ಬಂತು. ನಾವು ಮಾತಾಡಿದ್ದು ನಮ್ಮ ಕಿವಿಗೆ ಕೇಳುತ್ತೆ. ಹೆಲೆನ್‌ಗೆ ತಪ್ಪಾಯಿತು ಅಂತ ಗೊತ್ತಾಗೋದು ಹೇಗೆ? ಬೇರೆಯವರು ಹೇಳಲೇಬೇಕು. ಸಲಿವನ್ ಟೀಚರ್ ದಿನಾಲೂ ಯಾವ ಶಬ್ದ ತಪ್ಪಾಯಿತು ಎಂದು ಹೇಳುತ್ತಿದ್ದರು. ಹೆಲೆನ್ ಅದೇ ಶಬ್ದವನ್ನು ಸರಿಯಾಗುವ ತನಕ ಹೇಳುತ್ತಿದ್ದರು, ಕೆಲವು ಸಲ ಗಂಟೆಗಟ್ಟಲೆ. ಎಷ್ಟೋ ಸಲ ಸುಸ್ತಾಗಿ ಬೇಜಾರಾಗುತ್ತಿತ್ತು. ಆದರೆ ಊರಿಗೆ ಹೋದ ಮೇಲೆ ತಂಗಿ ಮಿಲ್ಡ್ರೆಡ್‌ಗೆ ನನ್ನ ಮಾತು ತಿಳಿಯುತ್ತೆ ಎಂದು ನೆನೆಸಿಕೊಂಡು ಮತ್ತೆ ಶುರು ಮಾಡುತ್ತಿದ್ದರು. ಕೊನೆಗೆ ಊರಿನ ಸ್ಟೇಷನ್ನಿನಲ್ಲಿ ಇಳಿದು ಮಾತಾಡಿದಾಗ ಆ ತಂಗಿ ಅಕ್ಕನ ಕೈ ಹಿಡಿದು ಮುತ್ತು ಕೊಟ್ಟು ಕುಣಿದಳು.

1904ರಲ್ಲಿ ಅವರು ಬಿ.ಎ. ಪಾಸಾದರು. ಅವರ ಮಾತು ಕೊನೆವರೆಗೂ ಎಲ್ಲರಿಗೂ ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಆದರೂ ನಾಚಿಕೊಳ್ಳದೆ 1913ರಿಂದ ವೇದಿಕೆ ಹತ್ತಿ ಭಾಷಣ ಮಾಡಿದರು. ಜೊತೆಯಲ್ಲಿದ್ದವರು ಅದನ್ನು ಜನರಿಗೆ ಮತ್ತೊಮ್ಮೆ ಹೇಳುತ್ತಿದ್ದರು. 1955ರಲ್ಲಿ ನಮ್ಮ ಭಾರತಕ್ಕೂ ಬಂದಿದ್ದರು. 1968ರ ಜೂನ್ 1ರಂದು ತೀರಿಕೊಂಡರು.

ಸ್ನೇಹಿತರೇ, ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದುವಾಗ ಒಬ್ಬರು ತಪ್ಪಿದರೆ ಎಲ್ಲರೂ ನಗುತ್ತಾರೆ. ನಕ್ಕರೆ ತಪ್ಪು ಎಲ್ಲಾಯಿತು ಅಂತ ಗೊತ್ತಾಗೋದಿಲ್ಲ. ಮಾರನೇ ದಿನ ಅವರು ಓದಲು ಏಳುವುದೇ ಇಲ್ಲ. ಸಲಿವನ್ ಟೀಚರ್ ತಪ್ಪನ್ನು ಮುಚ್ಚಿಡಲಿಲ್ಲ, ನಗಲೂ ಇಲ್ಲ. ಯಾವುದು ತಪ್ಪು ಎಂದು ತೋರಿಸಿ, ಪಕ್ಕದಲ್ಲೇ ಇದ್ದು ಹೇಳಿಕೊಟ್ಟರು. ನನಗೂ ಹಾಗೆ ಹೇಳಿಕೊಟ್ಟರೆ ಇಷ್ಟ. ನಾವೂ ಒಬ್ಬರಿಗೊಬ್ಬರು ಹಾಗೆ ಹೇಳಿಕೊಡೋಣ.

— 7ನೇ ತರಗತಿ ವಿದ್ಯಾರ್ಥಿನಿ