ಧಾರವಾಡದಲ್ಲಿ ಹುಟ್ಟಿದ ಬಾಳೂ, ಮುಂಬೈಯಲ್ಲಿ ಸಿಗದ ಕ್ಯಾಪ್ಟನ್ಸಿ

ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ಇರುವುದು ಅಮೆರಿಕದ ಒಹಾಯೊದಲ್ಲಿ. ಸೆಪ್ಟೆಂಬರ್ ಬಂತೆಂದರೆ ಆ ಕಡೆಯ ಮ್ಯಾನೇಜರ್ ಶನಿವಾರ ಫೋನಿಗೆ ಸಿಗುವುದಿಲ್ಲ. ಸರ್ವರ್ ಬಿದ್ದರೂ ಅಷ್ಟೆ, ಎದ್ದರೂ ಅಷ್ಟೆ. ಅಲ್ಲಿ ಅದು ಕಾಲೇಜು ಫುಟ್‌ಬಾಲಿನ ಸೀಸನ್. ಫುಟ್‌ಬಾಲ್ ಎಂದರೆ ನಾವು ಕಾಲಲ್ಲಿ ಆಡುವುದಲ್ಲ, ಮೊಟ್ಟೆಯಂಥ ಚೆಂಡನ್ನು ಕೈಯಲ್ಲಿ ಅಪ್ಪಿಕೊಂಡು ಓಡುವ ಆಟ. ನವೆಂಬರ್ ಕೊನೆಗೆ ಒಹಾಯೊದವರಿಗೂ ಮಿಷಿಗನ್‌ನವರಿಗೂ ಜಗಳದಂಥ ಪಂದ್ಯ. ಸೀಸನ್ ಮುಗಿದ ಮೇಲೆ ಚೆನ್ನಾಗಿ ಆಡಿದ ತಂಡಗಳನ್ನು ಬೇರೆ ಊರುಗಳಿಗೆ ಕರೆದು ಆಡಿಸುತ್ತಾರೆ, ಅದಕ್ಕೆ ಬೌಲ್ ಗೇಮ್ ಎಂದು ಹೆಸರು. ಎಲ್ಲಕ್ಕಿಂತ ಹಳೆಯದು ಪಾಸಡೀನಾದ ರೋಸ್ ಬೌಲ್, ಮೊದಲು ಆಡಿದ್ದು 1902ರಲ್ಲಿ. ಕೋಚ್ ಸೋತರೆ ಊರಿಗೆ ಊರೇ ಊಟ ಬಿಡುತ್ತದೆಯಂತೆ.

ನಿಮ್ಮಲ್ಲಿ ಇಂಥದ್ದು ಏನೂ ಇಲ್ಲವಾ ಎಂದು ಅವನು ಒಮ್ಮೆ ಕೇಳಿದ. ಐಪಿಎಲ್ ಎಂದೆ. ಅದು ದುಡ್ಡಿನ ಆಟ, ಹುಟ್ಟಿನಿಂದಲೇ ಒಂದು ತಂಡದವನಾಗಿರುವ ಆಟ ಇಲ್ಲವಾ ಎಂದ. ಇತ್ತು, ಇದೇ ಮುಂಬೈಯಲ್ಲಿತ್ತು ಎಂದು ಹೇಳಹೊರಟವನು ನಿಲ್ಲಿಸಿದೆ. ಏಕೆಂದರೆ ಅಲ್ಲಿ ತಂಡಗಳು ಕಾಲೇಜಿನವಲ್ಲ, ಧರ್ಮದವು. ಅದನ್ನು ಕಾಲ್ ಮೇಲೆ ವಿವರಿಸುವುದು ಕಷ್ಟ.

1892ರಿಂದ ಯುರೋಪಿಯನ್ನರು ಮತ್ತು ಪಾರ್ಸಿಗಳ ನಡುವೆ ಪ್ರೆಸಿಡೆನ್ಸಿ ಪಂದ್ಯ ನಡೆಯುತ್ತಿತ್ತು. 1907ರಲ್ಲಿ ಹಿಂದೂಗಳು ಸೇರಿ ಅದು ತ್ರಿಕೋನ ಸರಣಿಯಾಯಿತು. 1912ರಲ್ಲಿ ಮುಸ್ಲಿಮರು ಸೇರಿ ಚತುಷ್ಕೋನ, 1937ರಲ್ಲಿ ಉಳಿದವರೆಲ್ಲರ ಒಂದು ತಂಡ ಸೇರಿ ಪಂಚಕೋನ. 1946ಕ್ಕೆ ನಿಂತುಹೋಯಿತು. ಇಂದು ಮರೀನ್ ಡ್ರೈವ್‌ನಲ್ಲಿ ನಡೆದರೆ ಸಮುದ್ರದ ಎದುರಿಗೆ ಪಾರ್ಸಿ, ಇಸ್ಲಾಂ, ಹಿಂದೂ ಜಿಮ್‌ಖಾನಾಗಳು ಸಾಲಾಗಿ ಕಾಣುತ್ತವೆ. ಸಂಜೆ ಕಡಲೆಕಾಯಿ ತಿನ್ನುತ್ತಾ ಅವುಗಳ ಮುಂದೆ ಎಷ್ಟು ಸಲ ಹೋಗಿದ್ದೇನೋ, ಗೇಟಿನ ಮೇಲಿನ ಹೆಸರುಗಳ ಬಗ್ಗೆ ಯೋಚಿಸಿರಲಿಲ್ಲ.

ಆ ಆಟದ ಮೊದಲ ದೊಡ್ಡ ಬೌಲರ್ ನಮ್ಮ ಧಾರವಾಡದಲ್ಲಿ ಹುಟ್ಟಿದವನು ಎಂಬುದು ನನಗೆ ತಿಳಿದದ್ದು ಮುಂಬೈಗೆ ಬಂದು ಆರು ವರ್ಷದ ಮೇಲೆ. ನಾನು ಧಾರವಾಡದವನು. ಎಂಜಿನಿಯರಿಂಗ್, ಎಂಟೆಕ್ ಎಲ್ಲ ಮುಗಿಯುವವರೆಗೂ ಆ ಹೆಸರು ಯಾರ ಬಾಯಲ್ಲೂ ಕೇಳಿರಲಿಲ್ಲ. ಆಫೀಸಿನ ಹತ್ತಿರ ಪ್ರಭಾದೇವಿಯಲ್ಲಿ ಪಿ. ಬಾಳು ಮಾರ್ಗ ಎಂಬ ರಸ್ತೆಯಿದೆ. ಊಟ ತರಿಸುವಾಗ ಆಪ್‌ನಲ್ಲಿ ಆ ಹೆಸರು ಬರುತ್ತಿತ್ತು. ಬಾಳು ಯಾರೋ ನಗರಸೇವಕನಿರಬೇಕು ಎಂದುಕೊಂಡಿದ್ದೆ.

ಪಾಲವಣಕರ ಬಾಳೂ ಹುಟ್ಟಿದ್ದು 1876ರ ಮಾರ್ಚ್ 19ರಂದು. ಮನೆತನದ ಮೂಲ ಕೊಂಕಣದ ಪಾಲವಣ ಎಂಬ ಹಳ್ಳಿ, ಅಡ್ಡಹೆಸರು ಬಂದದ್ದು ಅಲ್ಲಿಂದ. ಜಾತಿ ಚರ್ಮಕಾರರದ್ದು. ತಂದೆಗೆ ಸೈನ್ಯದ ನೌಕರಿ. ಅವನು ಬೆಳೆದದ್ದು ಪುಣೆಯಲ್ಲಿ. ದಂಡಿನ ಅಧಿಕಾರಿಗಳು ಆಡಿ ಬಿಸಾಕಿದ ಬ್ಯಾಟು, ಚೆಂಡುಗಳಲ್ಲಿ ಬಾಳೂ ಮತ್ತು ತಮ್ಮ ಶಿವರಾಮ ಆಟ ಕಲಿತರು. ಮೊದಲ ಕೆಲಸ ಪಾರ್ಸಿಗಳ ಕ್ಲಬ್ಬಿನಲ್ಲಿ. ಪಿಚ್ ಗುಡಿಸುವುದು, ರೋಲರ್ ಎಳೆಯುವುದು. ತಿಂಗಳಿಗೆ 3 ರೂಪಾಯಿ. ಅಲ್ಲಿಂದ ಬಿಳಿಯರ ಪೂನಾ ಕ್ಲಬ್ಬಿಗೆ, ಒಂದು ರೂಪಾಯಿ ಹೆಚ್ಚು. ಅಲ್ಲಿ ನೆಟ್ ಕಟ್ಟುವುದು, ಗೆರೆ ಎಳೆಯುವುದು, ಬಿಡುವಾದಾಗ ಸಾಹೇಬರಿಗೆ ಬೌಲ್ ಮಾಡುವುದು.

ಸಾಹೇಬರಲ್ಲಿ ದೊಡ್ಡ ಬ್ಯಾಟ್ಸ್‌ಮನ್ ಜೆ.ಜಿ. ಗ್ರೇಗ್. ಬೇರೆಯವರು ಬರುವ ಮೊದಲೇ ಬಂದು ಬಾಳೂವಿನ ಬೌಲಿಂಗಿಗೆ ಅಭ್ಯಾಸ ಮಾಡುತ್ತಿದ್ದ. ತನ್ನನ್ನು ಒಮ್ಮೆ ಔಟ್ ಮಾಡಿದರೆ ಎಂಟಾಣೆ ಕೊಡುತ್ತಿದ್ದನೆಂಬ ಕತೆಯಿದೆ. ಎಡಗೈ ನಿಧಾನಗತಿಯ ಸ್ಪಿನ್. ಎರಡೂ ಕಡೆ ತಿರುಗುವ ಚೆಂಡು, ಗಾಳಿಯಲ್ಲಿ ತೇಲಿಸುವ ಚೆಂಡು, ಗಂಟೆಗಟ್ಟಲೆ ಒಂದೇ ಜಾಗಕ್ಕೆ ಬೀಳುವ ಚೆಂಡು. ಸಾವಿರಾರು ಚೆಂಡು ಹಾಕಿಸಿಕೊಂಡರು, ಆದರೆ ನೆಟ್‌ನಲ್ಲಿ ಅವನ ಕೈಗೆ ಬ್ಯಾಟು ಕೊಡಲಿಲ್ಲ. ಬ್ಯಾಟಿಂಗು ದೊಡ್ಡವರದ್ದು, ಬೌಲಿಂಗು ಆಳುಗಳದ್ದು ಎಂಬುದು ಆ ಕಾಲದ ಲೆಕ್ಕ.

ಇಂಥ ಬೌಲರ್ ಊರಲ್ಲೇ ಇರುವುದು ಪುಣೆಯ ಹಿಂದೂ ಕ್ಲಬ್ಬಿನವರ ಕಿವಿಗೆ ಬಿತ್ತು. ಬಿಳಿಯರನ್ನು ಸೋಲಿಸಬೇಕು, ಅದಕ್ಕೆ ಇವನು ಬೇಕು, ಆದರೆ ಇವನ ಜಾತಿ? ಸಾಕಷ್ಟು ತಕರಾರಾಗಿ ಕೊನೆಗೆ ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಅವರೆಲ್ಲ ಪೆವಿಲಿಯನ್ ಒಳಗೆ, ಬಾಳೂ ಹೊರಗೆ. ಅವರಿಗೆ ಪಿಂಗಾಣಿ ಕಪ್, ಇವನಿಗೆ ಕುಡಿದು ಒಡೆದುಹಾಕುವ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ.

ಇದನ್ನು ಓದಿದ ದಿನ ನಾನು ಕಾಂದಿವಲಿಯಿಂದ ಬರುವ ಲೋಕಲ್‌ನಲ್ಲಿ ನಿಂತಿದ್ದೆ. ಮುಂದೆ ಓದಲಾಗದೆ ಫೋನು ಕಿಸೆಗೆ ಹಾಕಿದೆ. ನಮ್ಮ ಮನೆಯ ಹಿತ್ತಿಲ ಗೋಡೆಯ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಇರುತ್ತಿತ್ತು. ಕಟ್ಟಿಗೆ ಒಡೆಯಲು, ಗಟಾರ ತೆಗೆಯಲು ಬರುತ್ತಿದ್ದ ಒಬ್ಬರಿಗೆ ಅದರಲ್ಲೇ ಚಹಾ. ಅಜ್ಜಿ ಎತ್ತರದಿಂದ ಸುರಿಯುತ್ತಿದ್ದಳು, ಅವರೇ ತೊಳೆದು ಮತ್ತೆ ಬೋರಲಿಡುತ್ತಿದ್ದರು. ಅವರ ಮಗ ನನ್ನ ವಯಸ್ಸಿನವನು. ರಜೆಯಲ್ಲಿ ನಮ್ಮ ಓಣಿಯ ತಂಡಕ್ಕೆ ಅವನೇ ಬೌಲರ್, ಅವನಿಲ್ಲದ ದಿನ ಸೋಲು ಗ್ಯಾರಂಟಿ. ಬ್ಯಾಟು ನನ್ನದಾದ್ದರಿಂದ ಕ್ಯಾಪ್ಟನ್ ಯಾವಾಗಲೂ ನಾನೇ. ನೀರಡಿಕೆಯಾದಾಗ ನಾವೆಲ್ಲ ನಮ್ಮ ಅಡುಗೆಮನೆಗೆ ನುಗ್ಗುತ್ತಿದ್ದೆವು, ಅವನು ಬೀದಿಯ ನಳಕ್ಕೆ ಹೋಗುತ್ತಿದ್ದ. ಏಕೆ ಎಂದು ನಾನು ಕೇಳಲಿಲ್ಲ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ ಕೇಳಲಿಲ್ಲ.

ಬಾಳೂವಿನ ಕತೆಗೆ ಬರುತ್ತೇನೆ. ಸಾತಾರಾದ ಬಿಳಿಯರ ಜೊತೆ ಪಂದ್ಯವಿತ್ತು. ಇವನ ಸ್ಪಿನ್ ತಿರುಗದಿರಲೆಂದು ಅವರು ಪಿಚ್ಚಿಗೆ ವಾರಗಟ್ಟಲೆ ರೋಲರ್ ಎಳೆಸಿದ್ದರು. ರೋಲರ್ ಎಳೆದೇ ದೊಡ್ಡವನಾದ ಬಾಳೂ ಅದರ ಮೇಲೂ 7 ವಿಕೆಟ್ ಕಿತ್ತ. ಪುಣೆಗೆ ಮರಳಿದ ಮೇಲೆ ಸನ್ಮಾನವಾಯಿತು. ಜೊತೆಗೆ ಆಡುವವನ ಜೊತೆ ಉಣ್ಣಲೇನು ಅಡ್ಡಿ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ರಾನಡೆ ಆಡಿದರು.

1896ರಲ್ಲಿ ಪ್ಲೇಗ್ ಬಂತು, ಬಾಳೂ ಮುಂಬೈಗೆ ಬಂದ. ಕೆಲಸ ಹುಡುಕಿ ಬಂದ ನಮ್ಮಂತೆಯೇ. ಪರಮಾನಂದದಾಸ ಜೀವನದಾಸ ಹಿಂದೂ ಜಿಮ್‌ಖಾನಾದಲ್ಲಿ ಕೆಲವು ಸದಸ್ಯರು ಇವನನ್ನು ಸೇರಿಸಬಾರದೆಂದರು, ಕ್ಯಾಪ್ಟನ್ ಕೀರ್ತಿಕರ್ ಪಟ್ಟು ಹಿಡಿದು ಸೇರಿಸಿದರು. ಬಿ.ಬಿ. ಆ್ಯಂಡ್ ಸಿ.ಐ. ರೈಲ್ವೆಯಲ್ಲಿ ನೌಕರಿ ಸಿಕ್ಕಿತು, ಅದರ ಟೀಮಿಗೂ ಆಡಿದ. ಇಂದಿನ ಪಶ್ಚಿಮ ರೈಲ್ವೆ ಅದೇ. ನಾನು ದಿನಾ ನೇತಾಡುವ ಗಾಡಿಯ ಹಿಂದಿನ ಕಂಪನಿ.

1906ರ ಫೆಬ್ರವರಿಯ ಪಂದ್ಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹಿಂದೂಗಳು ಮೊದಲು ಪಾರ್ಸಿಗಳಿಗೆ ಸವಾಲು ಹಾಕಿದರು, ಅವರು ಒಪ್ಪಲಿಲ್ಲ. ಬಿಳಿಯರ ಬಾಂಬೆ ಜಿಮ್‌ಖಾನಾ ಒಪ್ಪಿತು. ಇಂದು ಆಜಾದ್ ಮೈದಾನದ ಪಕ್ಕದಲ್ಲಿರುವ, 1933ರಲ್ಲಿ ಭಾರತದ ನೆಲದ ಮೊದಲ ಟೆಸ್ಟ್ ನಡೆದ ಅದೇ ಮೈದಾನ. ಹಿಂದೂಗಳು 242, ಯುರೋಪಿಯನ್ನರು 191. ಎರಡನೇ ಇನ್ನಿಂಗ್ಸ್‌ನಲ್ಲಿ ಹಿಂದೂಗಳು 160. ಗೆಲ್ಲಲು 212 ಬೇಕು. ಬಿಳಿಯರು 102ಕ್ಕೆ ಮುಗಿದರು. ಅಂತರ 109 ರನ್. ಬಾಳೂವಿಗೆ ಮೊದಲು 3, ಆಮೇಲೆ 5, ಒಟ್ಟು 8 ವಿಕೆಟ್. ಆಳುವವರನ್ನು ಅವರದೇ ಅಂಗಳದಲ್ಲಿ, ಅವರದೇ ಆಟದಲ್ಲಿ ಸೋಲಿಸಿದ್ದು. ಊರು ಕುಣಿಯಿತು. ತಂಡದಲ್ಲಿ ಶಿವರಾಮನೂ ಇದ್ದ. ಅಷ್ಟರಲ್ಲಿ ಮುಂಬೈಯ ಹಿಂದೂ ಜಿಮ್‌ಖಾನಾದಲ್ಲಿ ಅಣ್ಣತಮ್ಮಂದಿರು ಉಳಿದವರ ಜೊತೆಗೇ ಕೂತು ಉಣ್ಣುವಂತಾಗಿತ್ತು. ಪತ್ರಿಕೆಗಳು ಗೆಲುವಿನಷ್ಟೇ ದೊಡ್ಡದಾಗಿ ಇದನ್ನೂ ಬರೆದವು.

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. 23 ಪಂದ್ಯ, 6 ಗೆಲುವು, 15 ಸೋಲು. ಮಹಾರಾಜರಿಗೆ ಲಂಡನ್ನಿನ ಔತಣಗಳೇ ಸಾಕಾದವು, ಬಹುಪಾಲು ಪಂದ್ಯಗಳಿಗೆ ಅವರು ಬರಲಿಲ್ಲ. ಮೂವತ್ತೈದು ದಾಟಿದ್ದ ಬಾಳೂ, ಭುಜ ನೋಯುತ್ತಿದ್ದರೂ, 114 ವಿಕೆಟ್ ಪಡೆದ. ಸರಾಸರಿ 18.84. ಲೀಸ್ಟರ್‌ಶೈರ್ ವಿರುದ್ಧ ಒಂದೇ ಪಂದ್ಯದಲ್ಲಿ 11 ವಿಕೆಟ್, ತಂಡಕ್ಕೆ ಗೆಲುವು. ಯಾರ್ಕ್‌ಶೈರಿನ ವಿಲ್ಫ್ರೆಡ್ ರೋಡ್ಸ್‌ಗೆ ಅವನನ್ನು ಹೋಲಿಸುತ್ತಿದ್ದರು. ಸಾಮರ್‌ಸೆಟ್ ಎದುರು ಶಿವರಾಮ ಸೆಂಚುರಿ ಹೊಡೆದು ಒಂದೇ ವಿಕೆಟ್ ಬಾಕಿಯಿರುವಾಗ ಗೆಲ್ಲಿಸಿದ. ವಾಪಸು ಬಂದಾಗ ಮುಂಬೈಯ ದಲಿತರು ಬಾಳೂವಿಗೆ ಮಾನಪತ್ರ ಕೊಟ್ಟರು. ಅದನ್ನು ಬರೆದವರು ಆಗಿನ್ನೂ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದ ಅಂಬೇಡ್ಕರ್ ಎನ್ನುತ್ತಾರೆ. ಆ ಹುಡುಗನಿಗೆ ಬಾಳೂ ಹೀರೋ.

ಇಷ್ಟಾದರೂ ಹಿಂದೂ ತಂಡದ ಕ್ಯಾಪ್ಟನ್ ಮಾತ್ರ ಬಾಳೂ ಆಗಲಿಲ್ಲ. ಅವನ ಬೌಲಿಂಗ್ ಬೇಕು, ಅವನ ಮಾತಿಗೆ ಫೀಲ್ಡರ್ ಕದಲುವುದು ಬೇಡ. 1913ರಲ್ಲಿ ಕ್ಯಾಪ್ಟನ್ ಆದ ಎಂ.ಡಿ. ಪೈ, ಗೌಡ ಸಾರಸ್ವತ ಬ್ರಾಹ್ಮಣರು, ಈ ಮಾನ ಬಾಳೂವಿಗೆ ಸಲ್ಲಬೇಕಿತ್ತು ಎಂದು ಸಭೆಯಲ್ಲೇ ಹೇಳಿದರು. ಸಮಿತಿಗೆ ಕೇಳಿಸಲಿಲ್ಲ. 1920ರಲ್ಲಿ ಪೈ ಅವರಿಗೆ ಹುಷಾರಿಲ್ಲದಾಗ ಡಿ.ಬಿ. ದೇವಧರ ಅವರನ್ನು ಕ್ಯಾಪ್ಟನ್ ಮಾಡಿದರು, ಬಾಳೂವನ್ನು ತಂಡದಿಂದಲೇ ಬಿಟ್ಟರು. ತಮ್ಮಂದಿರಾದ ಶಿವರಾಮ, ವಿಠ್ಠಲ ಇಬ್ಬರೂ ಹೇಳಿಕೆ ಕೊಟ್ಟು ಹೊರಬಂದರು. ಆಡಿ ಬೇಕಾದವರು ಆಳಲು ಬೇಡವಾದದ್ದನ್ನು ನೇರವಾಗಿ ಬರೆದರು. ಗದ್ದಲವಾಯಿತು. ಪಾರ್ಸಿಗಳ ಜೊತೆಗಿನ ಫೈನಲ್‌ಗೆ ಪೈ ಮರಳಿದರು, ತಮ್ಮಂದಿರೂ ಬಂದರು, ಬಾಳೂವನ್ನು ಉಪನಾಯಕ ಮಾಡಿದರು. ಪಂದ್ಯದ ನಡುವೆ ಪೈ ಬೇಕೆಂದೇ ಮೈದಾನ ಬಿಟ್ಟು ಹೊರಗೆ ಹೋದರು. ಅಷ್ಟು ಹೊತ್ತು ಬಾಳೂ ಕ್ಯಾಪ್ಟನ್. ನಲವತ್ನಾಲ್ಕನೇ ವಯಸ್ಸಿನಲ್ಲಿ, ಇನ್ನೊಬ್ಬರ ಔದಾರ್ಯದಿಂದ, ಕೆಲವು ಓವರ್.

ಪೈ ಅವರ ಬಗ್ಗೆ ನನಗೆ ತುಂಬ ಗೌರವ. ಆದರೆ ಈ ಘಟನೆ ಓದಿದಾಗೆಲ್ಲ ಪೂರ್ತಿ ಖುಷಿಯಾಗುವುದಿಲ್ಲ.

1923ರಲ್ಲಿ ವಿಠ್ಠಲ ಕ್ಯಾಪ್ಟನ್ ಆದ, ಆ ವರ್ಷವೇ ಯುರೋಪಿಯನ್ನರನ್ನು ಸೋಲಿಸಿ ಕಪ್ ಗೆದ್ದ. ಅಣ್ಣನ ಆಟ ಅಷ್ಟರಲ್ಲಿ ಮುಗಿದಿತ್ತು. 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್, ಸರಾಸರಿ 15.21.

ಆಮೇಲಿನ ಬಾಳೂ ರಾಜಕೀಯದವನು. ಇಲ್ಲಿ ನಮ್ಮಂಥವರಿಗೆ ಕತೆ ಸರಾಗವಾಗಿ ಸಾಗುವುದಿಲ್ಲ. 1932ರಲ್ಲಿ ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತಾಗ ಅಂಬೇಡ್ಕರರನ್ನು ಒಪ್ಪಂದಕ್ಕೆ ಒಪ್ಪಿಸಲು ಓಡಾಡಿದವರಲ್ಲಿ ಅವನೂ ಒಬ್ಬ, ಪೂನಾ ಒಪ್ಪಂದಕ್ಕೆ ಸಹಿ ಹಾಕಿದ. 1935ರಲ್ಲಿ ಅಂಬೇಡ್ಕರ್ ಹಿಂದೂ ಧರ್ಮ ಬಿಡುವುದಾಗಿ ಹೇಳಿದಾಗ ವಿರೋಧಿಸಿದ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವನನ್ನು ಅಂಬೇಡ್ಕರರ ವಿರುದ್ಧವೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತ, ಬಾಳೂವಿಗೆ 11,225. ಒಂದು ಕಾಲಕ್ಕೆ ತನ್ನನ್ನು ಹೀರೋ ಎಂದುಕೊಂಡಿದ್ದ ಹುಡುಗನೆದುರು 2,020 ಮತಗಳಿಂದ ಸೋತ. ಕುಡಿಕೆಯಲ್ಲಿ ಚಹಾ ಕುಡಿದವನು ಕುಡಿಕೆ ಕೊಟ್ಟವರ ಪರವಾಗಿ ಏಕೆ ನಿಂತ ಎಂದು ಕೇಳುವುದು ಸುಲಭ. ಹೊರಗೆ ಕೂತವನನ್ನು ಒಳಗೆ ಊಟಕ್ಕೆ ಕೂರಿಸಿದ್ದೂ ಅದೇ ಜಿಮ್‌ಖಾನಾ, ತನ್ನ ಬದುಕಿನಲ್ಲೇ ಆದ ಆ ಬದಲಾವಣೆಯನ್ನು ಅವನು ನಂಬಿರಬಹುದು ಎಂದು ನನಗನಿಸುತ್ತದೆ. ಅಂಬೇಡ್ಕರರಿಗೆ ಅಷ್ಟು ಸಾಕಾಗಲಿಲ್ಲ, ಸಾಕಾಗಬೇಕಿರಲೂ ಇಲ್ಲ.

1955ರ ಜುಲೈ 4ರಂದು ಬಾಳೂ ಮುಂಬೈಯಲ್ಲಿ ತೀರಿಕೊಂಡ. ಸಾಂತಾಕ್ರೂಜ್‌ನ ಅಂತ್ಯಕ್ರಿಯೆಗೆ ಕ್ರಿಕೆಟಿಗರೂ ಬಂದರು, ದಲಿತ ಸಂಸದರೂ ಬಂದರು.

ಹೋದ ತಿಂಗಳು ಊಟದ ಬಿಡುವಿನಲ್ಲಿ ಪಿ. ಬಾಳು ಮಾರ್ಗದಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ಬಂದೆ. ರಾತ್ರಿ ಊರಿಗೆ ಫೋನ್ ಮಾಡಿ ಕಾಕಾನನ್ನು ನಮ್ಮ ಓಣಿಯ ಬೌಲರ್ ಬಗ್ಗೆ ಕೇಳಿದೆ. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕ್ ಕೆಲಸ ಮಾಡುತ್ತಾನಂತೆ, ಸ್ವಂತ ಅಂಗಡಿ ಹಾಕಿದ್ದಾನಂತೆ. ಈಗ ಯಾಕೆ ಅವನ ನೆನಪು ಎಂದರು ಕಾಕಾ. ನಂಬರ್ ಕೊಡಿ ಎಂದೆ. ಕೊಟ್ಟಿದ್ದಾರೆ. ಮುಂದಿನ ಸಲ ಊರಿಗೆ ಹೋದಾಗ ಅವನ ಅಂಗಡಿಗೆ ಹೋಗುತ್ತೇನೆ, ಚಹಾ ಅವನೇ ತರಿಸಲಿ.